ಸೋಮವಾರದ ಖಾಲಿ ಸಾಲು

ಇದರಲ್ಲಿ ಬರುವ ತೂಕದ ಅಂಕಿಗಳನ್ನು ನಂಬಬಹುದು. ಅವು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿವೆ, ಅವತ್ತವತ್ತೇ ಬರೆದದ್ದು. ಮಾತುಗಳನ್ನು ಅಷ್ಟು ನಂಬಬಾರದು. ಯಾರು ಏನು ಅಂದರು, ಯಾರು ಮೊದಲು ನಕ್ಕರು ಎಂಬುದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ಅದರಲ್ಲೂ ಒಂದು ಮಾತಿನ ವಿಷಯದಲ್ಲಿ ನನ್ನ ನೆನಪು ತಪ್ಪಿರಬಹುದು ಎಂಬ ಗುಮಾನಿ ಇದೆ. ತಪ್ಪಿದ್ದರೆ ಒಳ್ಳೆಯದು ಎಂಬ ಆಸೆಯೂ ಇದೆ. ಆ ಆಸೆಯೇ ಗುಮಾನಿಯನ್ನು ಹುಟ್ಟಿಸಿತೋ ಏನೋ, ಹೇಳಲಾರೆ.

ಹೋದ ವರ್ಷ ಶ್ರಾವಣ ಹತ್ತಿರ ಬಂದಾಗ ಹಾವೇರಿಯಲ್ಲಿ ರಕ್ತ ತಪಾಸಣೆ ಮಾಡಿಸಿಕೊಂಡೆ. ನನಗೆ ಆಗ ನಲವತ್ತೇಳು. ತೂಕ ಎಂಬತ್ತೊಂದು ಕೆಜಿ ನಾನೂರು ಗ್ರಾಂ. ಡಾಕ್ಟರು ವರದಿಯಲ್ಲಿ ಸಕ್ಕರೆಯ ಅಂಕಿಯ ಸುತ್ತ ಪೆನ್ನಿನಿಂದ ಗೆರೆ ಎಳೆದರು.

"ಗಡಿ ಮ್ಯಾಲೆ ನಿಂತೀರಿ ಮೇಡಮ್ಮಾರ. ಆರು ತಿಂಗಳದಾಗ ಆರು ಕಿಲೊ ಇಳಿಸ್ರಿ, ಈ ಕಡೆ ಉಳೀತೀರಿ. ಇಲ್ಲಂದ್ರ ಗುಳಿಗಿ ಚಾಲೂ ಮಾಡೂದ."

ಗುಳಿಗೆ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಅವ್ವ ಗುಳಿಗೆಯಿಂದ ಶುರು ಮಾಡಿ ಇನ್ಸುಲಿನ್ ಸೂಜಿಗೆ ಹೋಗಿದ್ದಳು, ಅಲ್ಲಿಂದ ಕಣ್ಣಿನ ಆಪರೇಷನ್ನಿಗೆ. ಕೊನೆಗೆ ಹೃದಯ ನಿಂತಿತು. ಆ ದಾರಿಯ ಮೊದಲ ಮೆಟ್ಟಿಲನ್ನು ಆದಷ್ಟು ದಿನ ಹತ್ತಬಾರದು ಎಂದು ನಿರ್ಧರಿಸಿದೆ.

ನಾನು ರಾಣೆಬೆನ್ನೂರಿನ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮನೆ ಹಾವೇರಿಯಲ್ಲಿ. ರೈಲು ಸಿಕ್ಕರೆ ರೈಲು, ತಪ್ಪಿದರೆ ಬಸ್ಸು. ಲೆಕ್ಕ ಇಡುವುದು ನನ್ನ ವೃತ್ತಿಯಾದ್ದರಿಂದ ತೂಕ ಇಳಿಸುವುದೂ ಒಂದು ಲೆಕ್ಕ ಎಂದುಕೊಂಡೆ. ಮೊಬೈಲಿನಲ್ಲಿ ಕ್ಯಾಲರಿ ಎಣಿಸುವ ಆ್ಯಪ್ ಒಂದನ್ನು ಹಾಕಿಕೊಂಡು ಮೂರೇ ದಿನಕ್ಕೆ ಕೈಬಿಟ್ಟೆ. ಅದಕ್ಕೆ ಚಪಾತಿ ಗೊತ್ತಿತ್ತು, ಜೋಳದ ರೊಟ್ಟಿಯನ್ನೂ ಅದು ಚಪಾತಿಯ ಅಳತೆಯಲ್ಲೇ ಊಹಿಸುತ್ತಿತ್ತು. ನಮ್ಮ ರೊಟ್ಟಿ ತಟ್ಟೆಯಿಂದ ಹೊರಗೆ ಚಾಚುತ್ತದೆ. ಹಾಗಾಗಿ ಅಡುಗೆಮನೆಗೆ ಸಣ್ಣ ತಕ್ಕಡಿ ತಂದು ನನ್ನದೇ ಪಟ್ಟಿ ಮಾಡಿದೆ: ಒಂದು ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟು, ಶೇಂಗಾ ಚಟ್ನಿ ಒಂದು ಚಮಚ, ಅದರ ಮೇಲೆ ಹಾಕಿಕೊಳ್ಳುವ ಎಣ್ಣೆ ಅರ್ಧ ಚಮಚ. ಎಣ್ಣೆಯನ್ನು ನಾನು ಬಿಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ನನ್ನ ಗಂಡ ಒಣಗಿದ ಕಟ್ಟಿಗೆಯಂಥ ಮನುಷ್ಯ, ನಾಲ್ಕು ರೊಟ್ಟಿ ತಿಂದರೂ ಮೈಗೆ ಹತ್ತುವುದಿಲ್ಲ. ಹಿಟ್ಟು ತೂಗುವುದನ್ನು ನೋಡಿ, "ಅಕ್ಕಸಾಲಿಗನ ಮನಿಯಾಗ ಊಟಕ್ಕ ಕುಂತಂಗ ಆಗೇತಿ. ನನ್ನ ಹಿಟ್ಟರ ತೂಗಬ್ಯಾಡ ಮಾರಾಯ್ತಿ," ಅಂದ.

ಬೆಳಿಗ್ಗೆ ಐದೂವರೆಗೆ ಕ್ರೀಡಾಂಗಣಕ್ಕೆ ಹೋಗುತ್ತಿದ್ದೆ. ಮೊದಲ ತಿಂಗಳು ಆರು ಸುತ್ತು, ಆಮೇಲೆ ಹತ್ತು. ಮಳೆ ಬಂದ ದಿನ ಮನೆಯ ಮೆಟ್ಟಿಲು ಹತ್ತಿ ಇಳಿದೆ. ನನ್ನ ಹಿಂದೆ ಮುಂದೆ ನಡೆಯುವ ಹೆಂಗಸರಲ್ಲಿ ನಿವೃತ್ತ ಟೀಚರೊಬ್ಬರಿದ್ದರು. ಮೂರನೆಯ ತಿಂಗಳು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಮ್ಮಾರ, ಹಿಂಗ ನಡದ್ರ ಗ್ರೌಂಡ್ ಸವದೀತ್ರಿ, ನೀವಲ್ಲ," ಅಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಮರುದಿನ ಅಲ್ಲಿಗೆ ಹೋಗುವುದು ಕಷ್ಟವಾಗುತ್ತಿತ್ತು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನೋಟ್‌ಬುಕ್ಕಿನ ಪ್ರಕಾರ ತಿಂಗಳ ಮೊದಲ ದಿನದ ತೂಕಗಳು ಹೀಗೆ: ಎಂಬತ್ತೊಂದು ನಾಲ್ಕು, ಎಂಬತ್ತೊಂದು, ಎಂಬತ್ತೊಂದು ಎರಡು, ಎಂಬತ್ತು ಒಂಬತ್ತು. ಕೊನೆಯ ಅಂಕಿ ಬಂದ ದಿನ ನಾನು ಮೈತೂಕದ ತಕ್ಕಡಿಯಿಂದ ಇಳಿದು, ಅದನ್ನು ಬೇರೆ ಫರ್ಶಿಕಲ್ಲಿನ ಮೇಲೆ ಇಟ್ಟು ಮತ್ತೆ ಹತ್ತಿದೆ. ಅದೇ ಬಂತು.

ದೀಪಾವಳಿ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಪುಟ ತಿರುವಿದರು. ನನ್ನ ಅಕ್ಷರ ಚೆನ್ನಾಗಿದೆ ಅಂದರು.

"ಇದು ಖರೇ ಇದ್ರ ನಿಮ್ಮ ತೂಕ ಇಳೀಬೇಕಿತ್ತಲ್ರಿ."

"ಖರೇ ಐತ್ರಿ ಡಾಕ್ಟರ್."

"ಬರದದ್ದು ಖರೇನ ಇರತೈತ್ರಿ. ಬರೀಲಾರದ್ದರ ಕಥಿ ಬ್ಯಾರೆ."

ಅವರ ನಗುವಿನಲ್ಲಿ ಕುಹಕ ಇರಲಿಲ್ಲ, ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತು ಅದು. ಆದರೂ ನನ್ನ ಮುಖ ಬಿಸಿಯಾಯಿತು. ಅವರು ತಿಳಿದಂತೆ ನಾನು ಕದ್ದು ತಿನ್ನುವವಳಲ್ಲ ಎಂದು ಸಾಬೀತು ಮಾಡಲು ನನ್ನ ಹತ್ತಿರ ಆ ನೋಟ್‌ಬುಕ್ ಬಿಟ್ಟರೆ ಬೇರೇನೂ ಇರಲಿಲ್ಲ, ಅವರು ನಂಬದೆ ಇದ್ದದ್ದು ಅದನ್ನೇ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವ್ವ ನೆನಪಾದಳು.

ಅದು ಒಂಬತ್ತು ವರ್ಷ ಹಿಂದಿನ ಮಾತು. ಅವ್ವ ಬ್ಯಾಡಗಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಳು. ಸಕ್ಕರೆ ಹತೋಟಿಗೆ ಬರುತ್ತಿಲ್ಲವೆಂದು ನಾನು ಅವಳನ್ನು ಹಾವೇರಿಗೆ ಕರೆಸಿಕೊಂಡು ಆಗ ಇದ್ದ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಅವರು ಈಗ ಈ ಊರಿನಲ್ಲಿಲ್ಲ. ಅವ್ವನೂ ನನ್ನಂತೆಯೇ ದಪ್ಪ. ಕುರ್ಚಿಯ ತುದಿಗೆ ಕೂತು, ಸೆರಗು ಹೊದ್ದು, ಹೇಳಿದಳು:

"ಸಾಹೇಬ್ರ, ದೇವರಾಣಿ ನಾ ಏನೂ ತಿನ್ನಂಗಿಲ್ರಿ. ಎರಡು ರೊಟ್ಟಿ, ಅದೂ ಇಷ್ಟಿಷ್ಟ. ಸ್ವಾಮಾರಂತೂ ಉಪಾಸ."

ಆಮೇಲೆ ಒಂದು ಮಾತು ಬಂತು: "ಗಾಳಿ ಉಂಡು ಯಾರಿಗೂ ಇಷ್ಟು ಮೈ ಬರೂದಿಲ್ಲ."

ನನ್ನ ಕಿವಿಯಲ್ಲಿ ಈ ಮಾತು ಇರುವುದು ನನ್ನದೇ ದನಿಯಲ್ಲಿ. ಆದರೆ ಆ ಕೋಣೆಯನ್ನು ನೆನೆದರೆ ಕಾಣುವುದು ಡಾಕ್ಟರು ಪೆನ್ನು ಕೆಳಗಿಟ್ಟು, ಈಗಷ್ಟೇ ಏನೋ ಹೇಳಿ ಮುಗಿಸಿದವರಂತೆ ನನ್ನ ಕಡೆ ನೋಡುತ್ತಿರುವುದು. ನಾನು ನಕ್ಕದ್ದು ಖಂಡಿತ. ನನ್ನ ಮಾತಿಗೆ ನಾನೇ ನಕ್ಕೆನೋ, ಅವರ ಮಾತಿಗೆ ನಕ್ಕೆನೋ ಗೊತ್ತಿಲ್ಲ. ಅವ್ವನ ಮುಖ ನೆನಪಿಲ್ಲ. ಅವಳು ಹೊರಗೆ ಬಂದು, "ಲಗೂ ನಡಿ, ಬಸ್ ಹೋಗತೈತಿ," ಅಂದದ್ದು ನೆನಪಿದೆ.

ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಮನೆಗೆ ಬಂದು ಆ ದಿನದ ಪುಟ ತೆಗೆದು ನೋಡಿದೆ. "ಅವ್ವನನ್ನು ಡಾಕ್ಟರಿಗೆ ತೋರಿಸಿದೆ. ಪಥ್ಯ ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಬ್ಯಾಡಗಿಗೆ ಕಳಿಸಿದೆ." ಅಷ್ಟೇ. ಬರೆಯುವಂಥದ್ದೇನೂ ಆಗಿಲ್ಲವೆಂದು ಬರೆಯಲಿಲ್ಲವೋ, ಆದದ್ದಕ್ಕೇ ಬರೆಯಲಿಲ್ಲವೋ ತಿಳಿಯದು. ಅವತ್ತಿನ ನಂತರ ಅವ್ವ ನನ್ನ ಜೊತೆ ದವಾಖಾನೆಗೆ ಬರಲಿಲ್ಲ. ತಮ್ಮನಿಗೆ ಪರಿಚಯದ ಡಾಕ್ಟರು ರಾಣೆಬೆನ್ನೂರಿನಲ್ಲಿದ್ದಾರೆ, ಅವನ ಜೊತೆ ಹೋಗುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ನಾನು ದಿನಾ ರಾಣೆಬೆನ್ನೂರಿಗೇ ಹೋಗುವವಳು ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ. ನಾಲ್ಕು ವರ್ಷಕ್ಕೆ ಅವ್ವ ಹೋದಳು.

ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂಬುದು ಸಿಕ್ಕಿದ್ದು ಇದಾದ ಕೆಲವು ವಾರಗಳ ಮೇಲೆ, ಒಂದು ಸೋಮವಾರ, ಕಾಲೇಜಿನ ಸ್ಟಾಫ್ ರೂಮಿನಲ್ಲಿ.

ಸೋಮವಾರ ನನಗೆ ಉಪವಾಸ. ಹದಿಮೂರನೆಯ ವಯಸ್ಸಿನಿಂದ ಅವ್ವನ ಜೊತೆ ಹಿಡಿದದ್ದು. ಭಕ್ತಿ ಎಷ್ಟಿದೆ ಎಂದು ಕೇಳಿದರೆ ಉತ್ತರಿಸುವುದು ಕಷ್ಟ, ರೂಢಿ ಮಾತ್ರ ಬಿಟ್ಟಿಲ್ಲ. ಅವತ್ತು ಬೆಳಿಗ್ಗೆ ಎರಡನೆಯ ವರ್ಷದವರಿಗೆ ಬಿಟ್ಟುಹೋದ ಮಾಹಿತಿಯ ಬಗ್ಗೆ ಪಾಠ ಮಾಡಿದ್ದೆ. ಕೋಷ್ಟಕದಲ್ಲಿ ಖಾಲಿ ಇರುವ ಜಾಗವನ್ನು ಸೊನ್ನೆ ಎಂದು ಎಣಿಸಬೇಡಿ, ಅಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ ಅಷ್ಟೇ ಎಂದು ಪ್ರತಿ ವರ್ಷ ಹೇಳುವುದನ್ನೇ ಹೇಳಿದ್ದೆ. ಮಧ್ಯಾಹ್ನ ಡಬ್ಬಿ ತೆರೆದೆ. ಸಾಬುದಾಣಿ ಖಿಚಡಿ, ಶೇಂಗಾ ಪುಡಿ ಹಾಕಿದ್ದು, ಮೇಲೆ ತುಪ್ಪ. ಪಕ್ಕದ ಮುಚ್ಚಳದಲ್ಲಿ ಎರಡು ಶೇಂಗಾ ಉಂಡಿ. ಎರಡು ಬಾಳೆಹಣ್ಣು ಬೇರೆ. ಎದುರಿಗೆ ಕೂತಿದ್ದ ವಾಣಿಜ್ಯ ವಿಭಾಗದ ಮೇಡಂ ಒಣ ಚಪಾತಿ, ಹೆಸರುಕಾಳು ಪಲ್ಯ ತಿನ್ನುತ್ತಿದ್ದರು.

"ಇವತ್ತ ಉಪಾಸೇನ್ರಿ ನಿಮ್ಮದು?"

"ಹೌದ್ರಿ."

"ಡಬ್ಬಿ ನೋಡಿದ್ರ ಉಪಾಸ ನಂದು ಅನಸ್ತೈತಿ. ಒಂದು ಚಮಚ ಕೊಡ್ರಿ, ನನಗೂ ಪುಣ್ಯ ಬರ್ಲಿ."

ಕೊಟ್ಟೆ. ಎಲ್ಲರೂ ನಕ್ಕರು. ರೈಲಿನಲ್ಲಿ ಮರಳುವಾಗ ಚೀಲದಿಂದ ನೋಟ್‌ಬುಕ್ ತೆಗೆದೆ. ಹದಿನೆಂಟು ಸೋಮವಾರಗಳಿದ್ದವು. ಹದಿನೆಂಟರ ಎದುರೂ ನನ್ನ ಆ ಚೆಂದದ ಅಕ್ಷರದಲ್ಲಿ "ಉಪವಾಸ" ಎಂದಿತ್ತು. ಒಟ್ಟು ಕ್ಯಾಲರಿಯ ಜಾಗ ಖಾಲಿ. ವಾರದ ಮೊತ್ತ ಕೂಡುವಾಗ ಆ ಖಾಲಿಯನ್ನು ಸೊನ್ನೆ ಎಂದೇ ಹಿಡಿದು ಏಳರಿಂದ ಭಾಗಿಸಿದ್ದೆ. ಅದನ್ನು ಬರೆಯುವಾಗ ಒಂದು ಸಲವೂ ಕೈ ತಡೆದಿರಲಿಲ್ಲ. ಚಟ್ನಿಯ ಮೇಲಿನ ಅರ್ಧ ಚಮಚ ಎಣ್ಣೆಯನ್ನು ಬರೆದವಳು ನಾನು.

ಮುಂದಿನ ಸೋಮವಾರ ಎಲ್ಲವನ್ನೂ ತೂಗಿದೆ. ಮುಂಜಾನೆಯ ಹಾಲು, ಖಿಚಡಿ, ಉಂಡಿ, ಹಣ್ಣು, ಸಂಜೆ ದೇವರಿಗೆ ನೈವೇದ್ಯ ಮಾಡಿದ ಶಾವಿಗೆ ಪಾಯಸ. ಮಂಗಳವಾರದ ಒಂದೂವರೆ ಪಟ್ಟು ಬಂತು. ವಾರದಲ್ಲಿ ನಾನು ಹೆಚ್ಚು ತಿನ್ನುತ್ತಿದ್ದ ದಿನ ನನ್ನ ಉಪವಾಸದ ದಿನವೇ.

ಗಂಡನಿಗೆ ಹೇಳಿದೆ. ಅವನು ಪೇಪರಿನಿಂದ ತಲೆ ಎತ್ತಿದ.

"ಅಂದ್ರ ದೇವರು ಮೂವತ್ತು ವರ್ಷ ನಿನಗ ವಾರಾ ವಾರಾ ಔತಣ ಹಾಕ್ಯಾನ."

"ನಿಮಗ ಗೊತ್ತಿತ್ತೇನು? ಮತ್ತ ಯಾಕ ಹೇಳಲಿಲ್ಲ?"

"ನಾ ಏನ್ ತಿಳ್ಕೊಳ್ಳಿ? ಉಪಾಸ ಅಂದ್ರ ಹಂಗ ಇರತೈತಿ. ನಮ್ಮವ್ವನೂ ಹಂಗ ಮಾಡ್ತಿದ್ಲು."

ಇದನ್ನು ಬರೆಯುವಾಗ ಬೇರೆಯವರಿಗೆ ನಗು ಬರುತ್ತದೆ ಎಂದು ಗೊತ್ತು. ನನ್ನನ್ನು ಕಾಡಿದ್ದು ಬೇರೆ. ನಾನು ಸುಳ್ಳು ಹೇಳಿರಲಿಲ್ಲ. ಕದ್ದು ತಿಂದಿರಲಿಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಡಬ್ಬಿ ತೆರೆದು ತಿಂದಿದ್ದೆ. ಡಾಕ್ಟರು ದೇವರ ಮೇಲೆ ಆಣೆ ಮಾಡಿಸಿದ್ದರೂ ಸೋಮವಾರ ಏನೂ ತಿನ್ನುವುದಿಲ್ಲ ಎಂದೇ ಹೇಳುತ್ತಿದ್ದೆ. ಅವ್ವ ಆಣೆ ಮಾಡಿದ್ದಳು.

ಸೋಮವಾರವೂ ರೊಟ್ಟಿ ತಿನ್ನತೊಡಗಿದೆ. ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ, ಎರಡನೆಯ ವಾರ ಇಳಿಯಿತು. ತೂಕವೂ ಇಳಿಯಿತು, ಹದಿನೈದು ದಿನಕ್ಕೊಮ್ಮೆ ನೋಡಿದಾಗ: ಎಂಬತ್ತು ಎರಡು, ಎಪ್ಪತ್ತೊಂಬತ್ತು ಎಂಟು, ಎಪ್ಪತ್ತೊಂಬತ್ತು ಐದು. ಅಲ್ಲಿಗೆ ನಿಂತಿತು. ಕಳ್ಳ ಸಿಕ್ಕ ಮೇಲೆ ಕಳವು ನಿಲ್ಲಬೇಕಿತ್ತು. ಹಳೆಯ ಸೋಮವಾರಗಳನ್ನೆಲ್ಲ ಸೇರಿಸಿ ಲೆಕ್ಕ ತಿದ್ದಿದ ಮೇಲೂ ಇಳಿಯಬೇಕಾದದ್ದಕ್ಕೂ ಇಳಿದದ್ದಕ್ಕೂ ನಡುವೆ ಎರಡು ಕೆಜಿಗಿಂತ ಹೆಚ್ಚಿನ ಅಂತರ ಉಳಿಯಿತು. ಮೂರು ಸಲ ಮಾಡಿ ನೋಡಿದೆ.

ಸಂಕ್ರಾಂತಿ ಕಳೆದ ಮೇಲೆ ಆರು ತಿಂಗಳು ತುಂಬಿತು. ಡಾಕ್ಟರಿಗೆ ಸೋಮವಾರದ ವಿಷಯ ಹೇಳಿದೆ. ಅವರು ಮೇಜು ಕುಟ್ಟಿ ನಕ್ಕರು, ಆಮೇಲೆ ಉಳಿದ ಅಂತರದ ಲೆಕ್ಕವನ್ನು ಗಂಭೀರವಾಗಿಯೇ ನೋಡಿದರು. ರಕ್ತದ ವರದಿ ಗಡಿ ದಾಟಿತ್ತು.

"ಇದು ಎಲ್ಲಾ ನಿಮ್ಮ ಕೈಯಾಗ ಇರಂಗಿಲ್ರಿ ಮೇಡಮ್ಮಾರ. ವಯಸ್ಸೈತಿ, ಮನೆತನದ ಮೈ ಐತಿ. ನಿಮ್ಮ ತಾಯಿಯವರು ಹೆಂಗಿದ್ರು?"

"ದಪ್ಪ ಇದ್ರು. ಸಕ್ಕರೆ ಇತ್ತು."

"ಭಾಳ ಉಣತಿದ್ರೇನು?"

ಒಂಬತ್ತು ವರ್ಷದ ಹಿಂದೆ ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. "ಗೊತ್ತಿಲ್ರಿ," ಅಂದೆ. ಅವರು ಗುಳಿಗೆ ಬರೆದುಕೊಟ್ಟರು. ರಾತ್ರಿ ಊಟದ ನಂತರ ಒಂದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನುಂಗುವುದು ಸುಲಭ. ಅವತ್ತು ನನಗೆ ಬೇಕಾಗಿದ್ದದ್ದು ಅವರು ಕೇಳಿದ ಪ್ರಶ್ನೆಯ ಉತ್ತರ. ಅವ್ವ ಖರೇ ಹೇಳಿದ್ದಳೋ ಇಲ್ಲವೋ ಎಂದು ಗೊತ್ತಾಗಬೇಕಿತ್ತು.

ಅದು ಗೊತ್ತಿರುವುದು ಸಣ್ಣವ್ವನಿಗೆ. ಅವ್ವನ ಬೆನ್ನಿಗೆ ಹುಟ್ಟಿದವಳು. ಬ್ಯಾಡಗಿಯಲ್ಲಿ ನನ್ನ ತಮ್ಮನ ಮನೆಯಿಂದ ಎರಡು ಮನೆ ಆಚೆ ಇದ್ದಾಳೆ. ಒಂದು ಭಾನುವಾರ ಹೋದೆ. ಮೆಣಸಿನಕಾಯಿ ಸುಗ್ಗಿ. ಬಸ್ಸಿನಿಂದ ಇಳಿದವರೆಲ್ಲ ಸೀನುತ್ತಲೇ ಮನೆ ಸೇರುವ ಕಾಲ. ಸಣ್ಣವ್ವ ವರ್ಷದ ಖಾರಪುಡಿಗೆ ಪಡಸಾಲೆಯಲ್ಲಿ ಕಾಯಿ ಹರವಿಕೊಂಡು, ಮೂಗಿಗೆ ಸೆರಗು ಕಟ್ಟಿ ತೊಟ್ಟು ಬಿಡಿಸುತ್ತಿದ್ದಳು. ಅವಳೂ ಅವ್ವನೂ ಒಂದೇ ಮನೆಯಲ್ಲಿ ಉಂಡು ಬೆಳೆದವರು. ಎಪ್ಪತ್ತು ದಾಟಿದರೂ ಅವಳ ತೂಕ ನಲವತ್ತೈದು ಮೀರಿರಲಿಕ್ಕಿಲ್ಲ.

"ಬಾರಬೇ. ಎಷ್ಟ ಸೊರಗೀದಿ ಯವ್ವಾ!"

"ಎಂಬತ್ತು ಕಿಲೊ ಅದೇನಿ ಸಣ್ಣವ್ವ."

"ಕಿಲೊ ತಗೊಂಡು ಏನ್ ಮಾಡ್ಲಿ. ಮಾರಿ ಸೊರಗೇತಿ."

ನಾನೂ ಕೂತು ತೊಟ್ಟು ಬಿಡಿಸತೊಡಗಿದೆ. ಸ್ವಲ್ಪ ಹೊತ್ತು ಬಿಟ್ಟು, ಅವ್ವ ಸೋಮವಾರ ಏನು ತಿನ್ನುತ್ತಿದ್ದಳು ಎಂದು ಕೇಳಿದೆ.

"ಸ್ವಾಮಾರ ಆಕೀದು ಉಪಾಸಲ್ಲೇನ? ಏನ್ ತಿಂತಾಳ? ಏನೂ ಇಲ್ಲ."

"ಖರೇನ ಏನೂ ಇಲ್ಲೇನು?"

"ಏನೂ ಇಲ್ಲಂದ್ರ ಏನೂ ಇಲ್ಲ. ಮುಂಜಾನೆ ಒಂದೀಟು ಸಾಬುದಾಣಿ. ಆಮ್ಯಾಲೆ ಬಾಳೆಹಣ್ಣು. ಉಂಡಿ ಇದ್ರ ಉಂಡಿ, ಇಲ್ಲಂದ್ರ ಶೇಂಗಾ ಬೆಲ್ಲ. ಸಂಜೀಕ ದೇವರ ಮುಂದಿನ ಪಾಯಸ, ಅದನ್ನ ಬ್ಯಾಡ ಅನ್ನಾಕ ಬರಂಗಿಲ್ಲ. ಇದನ್ನೆಲ್ಲಾ ತಿನ್ನೂದಂತ ಹಿಡೀತಾರೇನ ಯಾರರ?"

"ಉಳದ ದಿನ?"

"ಎರಡು ರೊಟ್ಟಿ. ಮುಂಜಾನೆ ಎರಡು, ಸಂಜೀಕ ಎರಡು. ನಾನರ ಮೂರು ಮೂರು ಬಡೀತಿದ್ದೆ, ಆಕಿ ಎರಡ. ನಿಮ್ಮಪ್ಪ ಅಂತಿದ್ದ, ತಂಗಿದೆಲ್ಲಾ ಅಕ್ಕನ ಮೈಗೆ ಹೋಗತೈತಿ ಅಂತ." ಸಣ್ಣವ್ವ ನಕ್ಕು, ನಗುವಿನ ನಡುವೆ ಸೀನಿದಳು. "ಒಂದು ಆಕಳಾ ಹುಲ್ಲು ತಿಂದು ಹಾಲು ಕೊಡತೈತಿ, ಒಂದು ತಿಂದು ಸುಮ್ನ ನಿಂದರತೈತಿ. ಅದಕ್ಕ ಏನ್ ಲೆಕ್ಕ ಐತಿ?"

ಅಂದರೆ ಅವ್ವ ವಾರದಲ್ಲಿ ಆರು ದಿನದ ಮಟ್ಟಿಗೆ ಸಂಪೂರ್ಣ ಖರೇ ಹೇಳಿದ್ದಳು. ಏಳನೆಯ ದಿನದ ಮಟ್ಟಿಗೆ ಅವಳಿಗೆ ತಿಳಿದಷ್ಟು ಖರೇ ಹೇಳಿದ್ದಳು. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದ ಮಗಳಿಗೆ ತಿಳಿದದ್ದೂ ಅಷ್ಟೇ ಆಗಿತ್ತು.

ಕೈಯಲ್ಲಿದ್ದ ಕಾಯಿ ಮುಗಿಸಿ, ಆ ದಿನದ ದವಾಖಾನೆಯ ವಿಷಯ ತೆಗೆದೆ. ಹಾವೇರಿಯ ಡಾಕ್ಟರು, ಅವ್ವ ಹೇಳಿದ್ದು, ಅದಕ್ಕೆ ಬಂದ ಮಾತು. ಬಸ್ಸಿನಿಂದ ಇಳಿದು ಅವ್ವ ನೇರ ತನ್ನ ಮನೆಗೇ ಬಂದಿದ್ದಳೆಂದು ಸಣ್ಣವ್ವ ಹೇಳಿದಳು. ಚಹಾ ಕುಡಿದಳಂತೆ, ಸಕ್ಕರೆ ಬೇಡ ಅಂದಳಂತೆ. ಅದಕ್ಕೂ ಮೊದಲು ಯಾವತ್ತೂ ಸಕ್ಕರೆ ಬೇಡ ಅಂದವಳಲ್ಲ. ಇಷ್ಟು ಸಣ್ಣವ್ವನಿಗೆ ಚೆನ್ನಾಗಿ ನೆನಪಿದೆ. ಮುಂದಿನದನ್ನು ಕೇಳಿದಾಗ ಅವಳು ಮೂಗಿನ ಸೆರಗನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

"ಆ ಚೀಲ ಇತ್ತ ಎಳಿ. ಹೊತ್ತು ಮುಣುಗೂದ್ರೊಳಗ ಇಷ್ಟ ಮುಗಸೋಣು."

ಚೀಲ ಎಳೆದೆ. ಮುಗಿಸಿದೆವು. ಮರುವಾರ ಫೋನಿನಲ್ಲಿ ಮತ್ತೆ ಕೇಳಿದೆ. ಅವಳು, ಗುಳಿಗೆ ಹೊತ್ತಿಗೆ ಸರಿಯಾಗಿ ತಗೋತೀಯೇನು ಎಂದು ವಿಚಾರಿಸಿದಳು. ಅವಳಿಗೆ ನೆನಪಿಲ್ಲದೆ ಇರಬಹುದು. ನೆನಪಿದ್ದು ಹೇಳದೆ ಇರಬಹುದು. ಸುಮ್ಮನಿದ್ದದ್ದನ್ನು ಸೊನ್ನೆ ಎಂದು ಹಿಡಿಯುವ ಹಾಗಿಲ್ಲ, ಹಾಗಾಗಿ ನಾನು ಕೇಳಿದ ಪ್ರಶ್ನೆಯನ್ನು ಕೇಳಿದ ಹಾಗೆಯೇ ಇಲ್ಲಿ ಬರೆದಿಡುತ್ತೇನೆ:

"ಸಣ್ಣವ್ವ, ಗಾಳಿ ಉಂಡು ಮೈ ಬರೂದಿಲ್ಲ ಅಂತ ಅಂದಾಕಿ ನಾನೋ, ಆ ಡಾಕ್ಟರೋ? ಅವ್ವ ನಿನ್ನ ಮುಂದ ಯಾರ ಹೆಸರು ಹೇಳಿದ್ಲು?"